ರೂಪಾಯಿಗೆ ಒಂದು ಪೈಸೆ: ಮಹರ್ಷಿ ಅಣ್ಣಾಸಾಹೇಬ ಕರ್ವೆಯವರ ದಾನವ್ರತ

ದಾನವು ಗೃಹಸ್ಥಾಶ್ರಮದ ನಿತ್ಯಕರ್ತವ್ಯಗಳಲ್ಲಿ ಒಂದೆಂದು ನಮ್ಮ ಹಿರಿಯರು ವಿಧಿಸಿದ್ದಾರೆ. ದಾನದ ವಿಚಾರ ಬಂದಾಗ ಹರಿದಾಸ ಪರಂಪರೆಯಲ್ಲಿ ಬೆಳೆದವರಿಗೆ ಕೂಡಲೇ ನೆನಪಾಗುವುದು, ಶ್ರೀಮಂತ ವರ್ತಕರಾಗಿದ್ದ ಶ್ರೀನಿವಾಸ ನಾಯಕರು ತಮ್ಮ ಸಮಸ್ತ ಸಂಪತ್ತನ್ನೂ ಕೃಷ್ಣಾರ್ಪಣ ಮಾಡಿ ಪುರಂದರದಾಸರಾದ ಪ್ರಸಂಗ. ಅದು ಮಹಾತ್ಮರ ಮಾರ್ಗ. ತಿಂಗಳ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ವಿದ್ಯಾಭ್ಯಾಸ, ವೃದ್ಧ ತಂದೆತಾಯಿಗಳ ಔಷಧ ಇವೆಲ್ಲವನ್ನೂ ತೂಗಿಸಬೇಕಾದ ಸಾಮಾನ್ಯ ಗೃಹಸ್ಥನು ಆ ಕಥೆಯನ್ನು ಭಕ್ತಿಯಿಂದ ಕೇಳಿ, ತನ್ನಿಂದ ಅದು ಆಗದೆಂದುಕೊಂಡು ಮನೆಗೆ ಮರಳುತ್ತಾನೆ. ಸರ್ವಸ್ವವನ್ನೂ ಕೊಡಲಾಗದವನು ಎಷ್ಟನ್ನು ಕೊಡಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರವಿತ್ತ ಗೃಹಸ್ಥರೊಬ್ಬರು ಮಹಾರಾಷ್ಟ್ರದಲ್ಲಿ ಆಗಿಹೋದರು. ಪುಣೆಯ ಕರ್ವೆ ರಸ್ತೆಯಲ್ಲಿ ನಿತ್ಯ ಓಡಾಡುವವರಿಗೂ, ಕರ್ವೆನಗರದಲ್ಲಿ ನೆಲೆಸಿದವರಿಗೂ, ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ ತಮ್ಮ ಹೆಣ್ಣುಮಕ್ಕಳನ್ನು ಓದಿಸಿದ ಕನ್ನಡ ಕುಟುಂಬಗಳಿಗೂ ಅವರ ಹೆಸರು ಪರಿಚಿತವೇ. ಅವರೇ ಭಾರತರತ್ನ ಮಹರ್ಷಿ ಧೋಂಡೊ ಕೇಶವ ಕರ್ವೆಯವರು. ಜನರ ಬಾಯಲ್ಲಿ ಅಣ್ಣಾಸಾಹೇಬ ಕರ್ವೆ. ವಿಧವೆಯರಿಗೆ ಆಶ್ರಮವನ್ನೂ ಮಹಿಳೆಯರಿಗೆ ವಿಶ್ವವಿದ್ಯಾಲಯವನ್ನೂ ಕಟ್ಟಿದ ಮಹನೀಯರೆಂದು ಅವರು ಪ್ರಸಿದ್ಧರು. ಆದರೆ ಆ ಮಹಾಕಾರ್ಯಗಳಿಗಿಂತ ಮೊದಲೇ, ವಿದ್ಯಾರ್ಥಿದೆಸೆಯಲ್ಲಿಯೇ ಅವರು ಹಿಡಿದ ಒಂದು ಸಣ್ಣ ನೇಮವನ್ನು ಬಲ್ಲವರು ಕಡಿಮೆ.

ಮುರುಡದ ಬಾಲ್ಯ

ಕೊಂಕಣದ ರತ್ನಾಗಿರಿ ಜಿಲ್ಲೆಯ ದಾಪೋಲಿಯ ಸಮೀಪ, ಸಮುದ್ರತೀರದಲ್ಲಿರುವ ಮುರುಡ ಎಂಬ ಊರು ಕರ್ವೆ ಮನೆತನದ ನೆಲೆ. ತಾಯಿಯ ತವರಾದ ಶೇರವಲಿಯಲ್ಲಿ 1858ರ ಏಪ್ರಿಲ್ 18ರಂದು ಧೋಂಡೊ ಅವರ ಜನನವಾಯಿತು. ತಂದೆ ಕೇಶವಪಂತರು, ತಾಯಿ ಲಕ್ಷ್ಮೀಬಾಯಿ. ಒಂದು ಕಾಲದಲ್ಲಿ ಅನುಕೂಲವಾಗಿದ್ದ ಆ ಮನೆತನವು ಅಷ್ಟರಲ್ಲಿ ಬಡತನಕ್ಕೆ ಇಳಿದಿತ್ತು. ಬಡತನವಿದ್ದರೂ ಮನೆಯಲ್ಲಿ ಸ್ವಾಭಿಮಾನಕ್ಕೂ ಸದಾಚಾರಕ್ಕೂ ಕೊರತೆ ಇರಲಿಲ್ಲ.

ಊರಿನ ಶಾಲೆಯ ಸೋಮಣ ಗುರುಗಳ ಪ್ರಭಾವ ಬಾಲಕನ ಮೇಲೆ ಆಳವಾಗಿ ಬಿತ್ತು. ಊರಿನ ಹಿತಕ್ಕಾಗಿ ಏನಾದರೊಂದನ್ನು ಮಾಡುತ್ತಲೇ ಇರಬೇಕೆಂಬ ಹಂಬಲ ಆ ಗುರುಗಳದು. ಅವರ ಪ್ರೇರಣೆಯಿಂದ ಬಾಲಕ ಧೋಂಡೊ ದೇವಾಲಯದಲ್ಲಿ ಕುಳಿತು ಅಕ್ಷರ ಬಾರದ ಊರಿನವರಿಗೆ ವೃತ್ತಪತ್ರಿಕೆಗಳನ್ನು ಓದಿ ಹೇಳುತ್ತಿದ್ದನು. ತನಗೆ ದೊರೆತುದರಲ್ಲಿ ಒಂದಂಶ ಊರಿಗೆ ಸಲ್ಲಬೇಕೆಂಬ ಭಾವನೆ ಅಲ್ಲಿಂದಲೇ ಮೊಳೆಯಿತು.

1875ರಲ್ಲಿ ಸರಕಾರದ ಒಂದು ಪರೀಕ್ಷೆಗಾಗಿ ಅವರು ಕೆಲವು ಗೆಳೆಯರೊಡನೆ ಮುರುಡದಿಂದ ಸಾತಾರಕ್ಕೆ ಹೊರಟರು. ನೂರು ಮೈಲಿಗೂ ಮೀರಿದ ಹಾದಿ, ನಡುವೆ ಸಹ್ಯಾದ್ರಿಯ ಘಟ್ಟ. ಇದನ್ನೆಲ್ಲ ಕಾಲ್ನಡಿಗೆಯಲ್ಲಿ ದಾಟಿ ಅಲ್ಲಿಗೆ ತಲುಪಿದರೆ, ಪರೀಕ್ಷಾಧಿಕಾರಿಗಳು ಈ ಕೃಶಕಾಯದ ಹುಡುಗನಿಗೆ ಹದಿನೇಳು ವರ್ಷ ತುಂಬಿರಲು ಸಾಧ್ಯವಿಲ್ಲವೆಂದು ತೀರ್ಮಾನಿಸಿ ಪರೀಕ್ಷೆಗೆ ಕೂರಿಸಲೇ ಇಲ್ಲ. ಹುಡುಗನು ಬಂದ ದಾರಿಯಲ್ಲಿಯೇ ಊರಿಗೆ ಹಿಂದಿರುಗಿದನು. ಮರುವರ್ಷ ಕೊಲ್ಹಾಪುರದಲ್ಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಮುಂದೆ ಎಂಬತ್ತಕ್ಕೂ ಹೆಚ್ಚು ವರ್ಷ ಅವರ ಸಾರ್ವಜನಿಕ ಜೀವನದಲ್ಲಿ ಕಂಡುಬಂದ ಸ್ವಭಾವವೂ ಇದೇ. ಬಾಗಿಲು ಮುಚ್ಚಿದರೆ ಕೋಪಿಸಿಕೊಳ್ಳದೆ ಮತ್ತೊಮ್ಮೆ ಬಂದು ತಟ್ಟುವುದು ಅವರ ರೀತಿ.

ರೂಪಾಯಿಗೆ ಒಂದು ಪೈಸೆ

ಮುಂಬಯಿಗೆ ಬಂದು 1881ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಕರ್ವೆಯವರು 1884ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗಣಿತದಲ್ಲಿ ಬಿ.ಎ. ಪದವಿ ಪಡೆದರು. ಆ ಕಾಲದ ಪದ್ಧತಿಯಂತೆ ಬಾಲ್ಯದಲ್ಲಿಯೇ ರಾಧಾಬಾಯಿಯವರೊಡನೆ ಅವರ ವಿವಾಹವಾಗಿತ್ತು. ಓದಿನ ವೆಚ್ಚವನ್ನೂ ಸಂಸಾರದ ವೆಚ್ಚವನ್ನೂ ಅವರು ಹುಡುಗರಿಗೆ ಮನೆಪಾಠ ಹೇಳಿಯೇ ನಿಭಾಯಿಸಬೇಕಾಗಿತ್ತು.

ಆ ಇಕ್ಕಟ್ಟಿನ ದಿನಗಳಲ್ಲಿಯೇ ಅವರೊಂದು ನಿಶ್ಚಯ ಮಾಡಿದರು. ತಾವು ಗಳಿಸುವ ಪ್ರತಿಯೊಂದು ರೂಪಾಯಿಯಲ್ಲಿಯೂ ಒಂದು ಪೈಸೆಯನ್ನು ಧರ್ಮಕ್ಕೆಂದು ತೆಗೆದಿಡುವುದು. ಅಂದಿನ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. ಅಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ನೂರಕ್ಕೆ ಒಂದೂವರೆಗಿಂತ ತುಸು ಹೆಚ್ಚು. ಹತ್ತು ರೂಪಾಯಿ ಬಂದ ತಿಂಗಳು ಹತ್ತು ಪೈಸೆ, ಇಪ್ಪತ್ತು ಬಂದ ತಿಂಗಳು ಇಪ್ಪತ್ತು ಪೈಸೆ. ಇದನ್ನು ಕೊಟ್ಟದ್ದರಿಂದ ಯಾವ ಮನೆಯ ಒಲೆಯೂ ಆರುವುದಿಲ್ಲ.

ಈ ನೇಮದ ಮಹತ್ವವಿರುವುದು ಅದರ ಕ್ರಮದಲ್ಲಿ. ಸಾಮಾನ್ಯವಾಗಿ ಜನರು ಖರ್ಚೆಲ್ಲ ಕಳೆದು ಉಳಿದರೆ ದಾನ ಮಾಡೋಣವೆಂದು ಯೋಚಿಸುತ್ತಾರೆ. ಉಳಿಯುವುದು ಅಪರೂಪವಾದ್ದರಿಂದ ದಾನವೂ ಅಪರೂಪವಾಗುತ್ತದೆ. ಕರ್ವೆಯವರು ಆ ಪೈಸೆಯನ್ನು ತಮ್ಮದೆಂದು ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ತಮ್ಮ ಕೈಗೆ ಬರುವ ಮುನ್ನವೇ ಮತ್ತೊಬ್ಬರದಾಗಿತ್ತು. ನಮ್ಮ ಮನೆಗಳಲ್ಲಿ ತಾಯಂದಿರು ಅನ್ನಕ್ಕೆ ಅಕ್ಕಿ ಅಳೆಯುವಾಗಲೇ ಒಂದು ಮುಷ್ಟಿಯನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದ ಪದ್ಧತಿಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಅಳೆಯುವಾಗ ತೆಗೆದ ಮುಷ್ಟಿಯಿಂದ ಯಾರ ಎಲೆಗೂ ಅನ್ನ ಕಡಿಮೆಯಾಗದು.

ಈ ನೇಮವು ಒಬ್ಬರಲ್ಲಿಯೇ ನಿಲ್ಲಲಿಲ್ಲ. 1880ರ ದಶಕದಲ್ಲಿ ಕರ್ವೆಯವರೂ ಅವರ ಊರಿನ ಗೆಳೆಯರೂ ಸೇರಿ ಮುರುಡ ಫಂಡ್ ಎಂಬ ನಿಧಿಯನ್ನು ಆರಂಭಿಸಿದರು. ಉದ್ಯೋಗ ಹುಡುಕಿ ಊರು ಬಿಟ್ಟು ಬಂದಿದ್ದ ಮುರುಡದವರು ತಮ್ಮ ವರಮಾನದಲ್ಲಿ ಗೊತ್ತಾದ ಒಂದು ಪಾಲನ್ನು ಊರಿನ ಹಿತಕ್ಕಾಗಿ, ಮುಖ್ಯವಾಗಿ ಅಲ್ಲಿನ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕೊಡುವುದು ಇದರ ಉದ್ದೇಶ. ಕೊಡುವವರು ಗುಮಾಸ್ತರು, ಶಿಕ್ಷಕರು ಮುಂತಾದ ಅಲ್ಪ ಸಂಬಳದವರೇ ಹೊರತು ಧನಿಕರಲ್ಲ. ಉದ್ಯೋಗ ನಿಮಿತ್ತ ಹುಟ್ಟೂರನ್ನು ಬಿಟ್ಟು ಮಹಾನಗರಗಳನ್ನು ಸೇರಿದ ಕನ್ನಡಿಗರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಊರಿನ ಬಹಿಷ್ಕಾರ

1891 ಕರ್ವೆಯವರ ಜೀವನದಲ್ಲಿ ದುಃಖವನ್ನೂ ತಿರುವನ್ನೂ ತಂದ ವರ್ಷ. ಆ ವರ್ಷ ರಾಧಾಬಾಯಿಯವರು ತೀರಿಕೊಂಡರು. ಅದೇ ವರ್ಷ ಗೋಪಾಲಕೃಷ್ಣ ಗೋಖಲೆಯವರ ಆಹ್ವಾನದ ಮೇರೆಗೆ ಅವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಲೋಕಮಾನ್ಯ ತಿಲಕರು ರಾಜೀನಾಮೆ ನೀಡಿ ತೆರವಾಗಿದ್ದ ಸ್ಥಾನವದು. ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರು ಇಪ್ಪತ್ತು ವರ್ಷಗಳ ಕಾಲ ತಿಂಗಳಿಗೆ ಕೇವಲ 75 ರೂಪಾಯಿ ಸಂಬಳಕ್ಕೆ ದುಡಿಯುವ ಸಂಕಲ್ಪ ಮಾಡುತ್ತಿದ್ದರು. ಕರ್ವೆಯವರೂ ಆ ಸಂಕಲ್ಪವನ್ನು ಕೈಗೊಂಡು 1914ರವರೆಗೆ ಅಲ್ಲಿ ಸೇವೆ ಸಲ್ಲಿಸಿದರು.

ಅಂದಿನ ಬ್ರಾಹ್ಮಣ ಕುಟುಂಬಗಳಲ್ಲಿ ಬಾಲವಿಧವೆಯರ ಸ್ಥಿತಿ ಹೇಗಿತ್ತೆಂಬುದು ವಾಚಕರಿಗೆ ತಿಳಿಯದ ವಿಷಯವಲ್ಲ. ಎಂಟು ಹತ್ತು ವರ್ಷಕ್ಕೆ ಮದುವೆ. ಗಂಡನ ಮುಖವನ್ನು ಸರಿಯಾಗಿ ನೋಡುವ ಮೊದಲೇ ವೈಧವ್ಯ. ಕೇಶಮುಂಡನ, ಒಪ್ಪೊತ್ತಿನ ಊಟ, ಶುಭಕಾರ್ಯಗಳಲ್ಲಿ ಮರೆಯಲ್ಲಿ ನಿಲ್ಲಬೇಕಾದ ನಿರ್ಬಂಧ. ನಮ್ಮ ಮನೆತನಗಳ ಹಿರಿಯರ ನೆನಪಿನಲ್ಲಿಯೂ ಕೆಂಪು ಸೀರೆಯ ಮಡಿ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. ಮನೆಯ ಅಡಿಗೆಯನ್ನೆಲ್ಲ ಮಾಡಿ, ಎಲ್ಲರ ಮಕ್ಕಳನ್ನೂ ಬೆಳೆಸಿ, ತನಗಾಗಿ ಏನನ್ನೂ ಕೇಳದೆ ಹೋದವರು ಅವರು. ಕರ್ವೆಯವರ ಗೆಳೆಯ ನರಹರಪಂತ ಜೋಶಿಯವರ ತಂಗಿ ಗೋದೂಬಾಯಿಯವರೂ ಎಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಕೆಲವೇ ತಿಂಗಳಲ್ಲಿ ವಿಧವೆಯಾದವರು. ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಅವರು ವಿದ್ಯಾಭ್ಯಾಸ ಮಾಡುತ್ತಿದ್ದರು. 1893ರ ಮಾರ್ಚ್ 11ರಂದು ಕರ್ವೆಯವರು ಅವರನ್ನು ಪುಣೆಯಲ್ಲಿ ವಿಧಿಪೂರ್ವಕವಾಗಿ ವಿವಾಹವಾದರು. ಅವರೇ ಮುಂದೆ ಆನಂದೀಬಾಯಿ, ಎಲ್ಲರ ಬಾಯಾ.

ಸುದ್ದಿ ಮುರುಡವನ್ನು ತಲುಪಿದಾಗ ಊರು ಕೆರಳಿತು. ಊರಿನವರು ಸಭೆ ಸೇರಿ ಕರ್ವೆಯವರಿಗೆ ಬಹಿಷ್ಕಾರ ಹಾಕಿದರು. ಅವರನ್ನು ಮನೆಗೆ ಸೇರಿಸಿಕೊಂಡರೆ ಅವರ ಕುಟುಂಬದವರಿಗೂ ಅದೇ ಗತಿಯೆಂದು ತಿಳಿಸಿದರು. ಯಾವ ಊರಿನ ಹಿತಕ್ಕಾಗಿ ಅವರು ನಿಧಿ ಕಟ್ಟಲು ಶ್ರಮಿಸಿದ್ದರೋ ಆ ಊರಿನಲ್ಲಿಯೇ, ಹೆತ್ತ ತಾಯಿಯ ಮನೆಯಲ್ಲಿ, ಎಲ್ಲರ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅಧಿಕಾರವನ್ನು ಅವರು ಕಳೆದುಕೊಂಡರು. ಊರಿಗೆ ಹೋದಾಗ ಬೇರೆಯಾಗಿ ಉಳಿಯಬೇಕಾಯಿತು. ವೃದ್ಧೆಯಾದ ತಾಯಿಗೆ ಇದರಿಂದಾದ ಸಂಕಟವು ಅವರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಇಷ್ಟಾದರೂ ಅವರ ಆತ್ಮವೃತ್ತದಲ್ಲಿ ಊರಿನವರ ಮೇಲೆ ಕಹಿಯಿಲ್ಲ. ಅವರ ವಿವಾಹವನ್ನು ಅಂದು ಒಪ್ಪದವರು ಅನೇಕರಿದ್ದರು. ಅವರಲ್ಲಿ ದುಷ್ಟರೂ ಇದ್ದರು, ಶ್ರದ್ಧಾವಂತರಾದ ಸಜ್ಜನರೂ ಇದ್ದರು. ಇದನ್ನು ಕರ್ವೆಯವರು ಬಲ್ಲವರಾಗಿದ್ದರು. ಮುಂದೆ ಅವರ ಕಾರ್ಯಕ್ಕೆ ಕೈನೀಡಿದವರಲ್ಲಿ ಅಂತಹ ಸಜ್ಜನರೂ ಸೇರಿದರೆಂಬುದು ಗಮನಾರ್ಹ.

ಹಿಂಗಣೆಯ ಗುಡಿಸಲು

ಒಬ್ಬ ವಿಧವೆಯ ವಿವಾಹದಿಂದ ಸಾವಿರಾರು ವಿಧವೆಯರ ಕಷ್ಟ ನೀಗುವುದಿಲ್ಲ, ಅವರಿಗೆ ಬೇಕಾದದ್ದು ವಿದ್ಯೆ ಮತ್ತು ತಮ್ಮ ಕಾಲಮೇಲೆ ನಿಲ್ಲುವ ಶಕ್ತಿ ಎಂಬ ನಿರ್ಣಯಕ್ಕೆ ಕರ್ವೆಯವರು ಬಂದರು. 1896ರಲ್ಲಿ ಅನಾಥ ಬಾಲಿಕಾಶ್ರಮ ಮಂಡಳಿ ಸ್ಥಾಪಿತವಾಯಿತು. ತಮ್ಮ ಉಳಿತಾಯವನ್ನು ಅವರು ಮೊದಲು ಅದಕ್ಕೆ ಸುರಿದರು; ಆ ಬಳಿಕವೇ ಇತರರ ಮುಂದೆ ಕೈ ಚಾಚಿದರು. ಕಾಲೇಜಿನ ರಜಾದಿನಗಳೆಲ್ಲ ಊರೂರು ಸುತ್ತಿ ಚಂದಾ ಸಂಗ್ರಹಿಸುವುದರಲ್ಲಿ ಕಳೆಯುತ್ತಿದ್ದವು.

ಈ ಸಂದರ್ಭದಲ್ಲಿ ಅವರು ಕೈಗೊಂಡ ಒಂದು ನಿರ್ಧಾರ ವಿಚಾರಾರ್ಹ. ವಿಧವಾ ವಿವಾಹದ ಪ್ರಚಾರಕ್ಕೆಂದು ತಾವೇ ಸ್ಥಾಪಿಸಿದ್ದ ಸಂಘದ ಕಾರ್ಯಭಾರದಿಂದ ಅವರು ಹಿಂದೆ ಸರಿದರು. ಆಶ್ರಮವು ವಿದ್ಯಾಭ್ಯಾಸಕ್ಕೆ ಮಾತ್ರ ಮೀಸಲೆಂದು ಸ್ಪಷ್ಟಪಡಿಸಿದರು. ಸುಧಾರಕರು ಇದನ್ನು ಹಿಂಜರಿಕೆಯೆಂದು ಟೀಕಿಸಿದರು. ಆದರೆ ಪುನರ್ವಿವಾಹವನ್ನು ಒಪ್ಪದ ತಂದೆಯೂ ತನ್ನ ವಿಧವೆ ಮಗಳನ್ನು ನಂಬಿಕೆಯಿಂದ ಅಲ್ಲಿಗೆ ಕಳುಹಿಸಬಲ್ಲವನಾದನು. ಸಂಪ್ರದಾಯಸ್ಥನಾದ ಗೃಹಸ್ಥನೂ ಅಳುಕಿಲ್ಲದೆ ಒಂದು ರೂಪಾಯಿ ಕೊಡಬಲ್ಲವನಾದನು. ದಾನಿಯು ಯಾವ ಉದ್ದೇಶಕ್ಕೆ ಕೊಟ್ಟನೋ ಆ ಉದ್ದೇಶಕ್ಕೇ ಹಣವು ಸಲ್ಲಬೇಕೆಂಬ ನಿಷ್ಠೆಯನ್ನು ಅವರು ಬಿಡಲಿಲ್ಲ. ಲೆಕ್ಕಪತ್ರದಲ್ಲಿ ಅವರದು ಗಣಿತದ ಅಧ್ಯಾಪಕರಿಗೆ ತಕ್ಕ ಕಟ್ಟುನಿಟ್ಟು. ಈ ನಂಬಿಕೆಯಿಂದಲೇ ಸಣ್ಣ ದಾನಿಯು ಮರುವರ್ಷವೂ ಕೊಡುತ್ತಿದ್ದನು.

ಪುಣೆಯಲ್ಲಿ ಪ್ಲೇಗ್ ಹಾವಳಿ ಹೆಚ್ಚಿದಾಗ ಆಶ್ರಮವನ್ನು ಊರ ಹೊರಗೆ ಒಯ್ಯಬೇಕಾಯಿತು. ರಾವ್‌ಬಹಾದೂರ್ ಗಣೇಶ ಗೋವಿಂದ ಗೋಖಲೆಯವರು ಹಿಂಗಣೆ ಗ್ರಾಮದಲ್ಲಿ ಆರು ಎಕರೆ ಭೂಮಿಯನ್ನೂ ಕಟ್ಟಡಕ್ಕೆಂದು 750 ರೂಪಾಯಿಯನ್ನೂ ಕೊಟ್ಟರು. 1900ರಲ್ಲಿ ಅಲ್ಲೊಂದು ಗುಡಿಸಲು ಎದ್ದಿತು. ಕೆಲವೇ ಮಂದಿ ವಿಧವೆಯರು ಅದರಲ್ಲಿ ವಾಸಿಸತೊಡಗಿದರು. ಇಂದು ವಾಹನಗಳಿಂದ ಕಿಕ್ಕಿರಿದ ಆ ಪ್ರದೇಶವು ಅಂದು ನಿರ್ಜನ. ಸರಿಯಾದ ರಸ್ತೆಯಿರಲಿಲ್ಲ. ಕಾಲೇಜಿನಲ್ಲಿ ದಿನವಿಡೀ ಪಾಠ ಹೇಳಿ, ಸಂಜೆ ಆಶ್ರಮಕ್ಕೆ ಬೇಕಾದ ಸಾಮಾನುಗಳನ್ನು ತಾವೇ ಹೊತ್ತು, ಮಳೆಗಾಲದ ಕೆಸರಿನಲ್ಲಿ ಸುಮಾರು ನಾಲ್ಕು ಮೈಲಿ ನಡೆದು ಕರ್ವೆಯವರು ಹಿಂಗಣೆಯನ್ನು ತಲುಪುತ್ತಿದ್ದರು. ಬೆಳಗಾದರೆ ಮತ್ತೆ ಕಾಲೇಜಿಗೆ ನಡಿಗೆ. ಹೀಗೆ ನಡೆದದ್ದು ಒಂದೆರಡು ದಿನವಲ್ಲ, ಸುಮಾರು ಎರಡು ವರ್ಷ.

ಮನೆಯವರು ತೆತ್ತ ಬೆಲೆ

ಯಜಮಾನನು ದಾನಿಯಾದಾಗ ಅದರ ಭಾರ ಮನೆಯಾಕೆಯ ಮೇಲೂ ಬೀಳುತ್ತದೆ. ಇದನ್ನು ಮುಚ್ಚಿಟ್ಟು ಬರೆದರೆ ಚರಿತ್ರೆ ಪೂರ್ಣವಾಗದು. ಸಂಬಳದ ದೊಡ್ಡ ಪಾಲು ಆಶ್ರಮಕ್ಕೆ ಹೋಗುವಾಗ, ಮಕ್ಕಳ ಮುಂದಿನ ಗತಿಯೇನೆಂಬ ಚಿಂತೆ ಬಾಯಾ ಅವರನ್ನು ಕಾಡಿತು. ಅವರ ಆತ್ಮಕಥೆಯಾದ ಮಾಝೆ ಪುರಾಣದಲ್ಲಿ ಆ ದಿನಗಳ ಕಷ್ಟವೂ ಅಸಮಾಧಾನವೂ ಮರೆಮಾಚದೆ ದಾಖಲಾಗಿವೆ. ರೂಪಾಯಿಗೆ ಒಂದು ಪೈಸೆಯಿಂದ ಆರಂಭವಾದುದು ಇಷ್ಟು ದೂರ ಬಂದಾಗ, ಮನೆಯವರ ಒಪ್ಪಿಗೆಯಿಲ್ಲದೆ ನಡೆಯುವುದು ಎಷ್ಟು ಸರಿ ಎಂಬ ಪ್ರಶ್ನೆ ಇಂದಿನ ವಾಚಕನಿಗೂ ಬರಬಹುದು. ಬರಬೇಕಾದುದೇ.

ಆದರೆ ಆ ಬಾಯಾ ಅವರೇ ಮುಂದೆ ಆಶ್ರಮಕ್ಕಾಗಿ ಜೋಳಿಗೆ ಹಿಡಿದು ಹೊರಟರು. ಅವರ ತಂಗಿ, ತಾವೂ ವಿಧವೆಯಾಗಿದ್ದ ಪಾರ್ವತೀಬಾಯಿ ಆಠವಲೆಯವರು, ಆಶ್ರಮದಲ್ಲಿ ವಿದ್ಯೆ ಕಲಿತು ಅದರ ಆಧಾರಸ್ತಂಭಗಳಲ್ಲಿ ಒಬ್ಬರಾದರು. ಊರೂರು ತಿರುಗಿ ಚಂದಾ ಕೂಡಿಸಿದರು. 1918ರಲ್ಲಿ ಅಮೆರಿಕೆಗೂ ಹೋಗಿ ಮನೆಗೆಲಸ ಮಾಡಿ ಜೀವಿಸುತ್ತ ಸಂಸ್ಥೆಗಾಗಿ ಹಣ ಸಂಗ್ರಹಿಸಿದರು. ಮಧುಕರ ವೃತ್ತಿಯೆಂದರೆ ಹೂವಿಗೆ ನೋವಾಗದಂತೆ ಸ್ವಲ್ಪ ಸ್ವಲ್ಪವೇ ಮಕರಂದವನ್ನು ಒಟ್ಟುಗೂಡಿಸುವುದು. ಹಿಂಗಣೆಯ ಸಂಸ್ಥೆ ಬೆಳೆದದ್ದು ಇದೇ ವೃತ್ತಿಯಿಂದ. 1907ರಲ್ಲಿ ಮಹಿಳಾ ವಿದ್ಯಾಲಯ ಪ್ರಾರಂಭವಾಯಿತು. ಫಲಾಪೇಕ್ಷೆಯಿಲ್ಲದೆ ಈ ಸಂಸ್ಥೆಗಳಿಗೆ ತಮ್ಮ ಆಯುಸ್ಸನ್ನೇ ಮುಡಿಪಿಡುವ ಕಾರ್ಯಕರ್ತರಿಗಾಗಿ ನಿಷ್ಕಾಮ ಕರ್ಮ ಮಠವೆಂಬ ಮಂಡಳಿಯೂ ಹುಟ್ಟಿತು.

ಅಲ್ಪ ಚಂದಾದಿಂದ ವಿಶ್ವವಿದ್ಯಾಲಯ

ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಕುರಿತ ಒಂದು ಪುಸ್ತಿಕೆ ಕರ್ವೆಯವರ ಕೈಗೆ ಬಂದು, ಭಾರತದಲ್ಲಿಯೂ ಅಂತಹುದೊಂದು ಆಗಬೇಕೆಂಬ ಆಕಾಂಕ್ಷೆ ಅವರಲ್ಲಿ ಮೂಡಿತು. 1915ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷ ಭಾಷಣದಲ್ಲಿ ಅವರು ಅದನ್ನು ಸಾರಿದರು. 1916ರಲ್ಲಿ ಆರಂಭಿಸಿಯೇ ಬಿಟ್ಟರು. ಆಗ ಅವರಿಗೆ 58 ವರ್ಷ. ಸರಕಾರದ ಮನ್ನಣೆಯಿರಲಿಲ್ಲ, ಕಾಲೇಜಿನಲ್ಲಿ ಬೆರಳೆಣಿಕೆಯ ವಿದ್ಯಾರ್ಥಿನಿಯರು. ಶಿಕ್ಷಣವು ಮಾತೃಭಾಷೆಯಲ್ಲಿ, ಇಂಗ್ಲಿಷ್ ಒಂದು ಕಡ್ಡಾಯ ವಿಷಯ.

ಇದಕ್ಕೆ ಬಂಡವಾಳವೆಲ್ಲಿಂದ? ಇಲ್ಲಿಯೂ ಅವರು ಹಳೆಯ ದಾರಿಯನ್ನೇ ಹಿಡಿದರು. ವರ್ಷಕ್ಕೆ ಇಷ್ಟೆಂದು ಅಲ್ಪ ಮೊತ್ತವನ್ನು ತಪ್ಪದೆ ಕೊಡುವ ವಚನವನ್ನು ವಿದ್ಯಾವಂತ ಗೃಹಸ್ಥರಿಂದ ಪಡೆಯುತ್ತ ಊರೂರು ತಿರುಗಿದರು. ಗಾಂಧೀಜಿಯವರಿಗೆ ಇಂಗ್ಲಿಷ್ ಕಡ್ಡಾಯವಾಗುವುದು ಒಪ್ಪಿಗೆಯಿರಲಿಲ್ಲ. ಆದರೂ ಕರ್ವೆಯವರ ಮೇಲಿನ ಗೌರವದಿಂದ ಅವರು ವರ್ಷಕ್ಕೆ 10 ರೂಪಾಯಿ ಕೊಡುವ ಮಾತು ಕೊಟ್ಟರು.

ದೊಡ್ಡ ದಾನ ಬಂದದ್ದು ಆಮೇಲೆ. ಜಪಾನಿನ ಆ ವಿಶ್ವವಿದ್ಯಾಲಯವನ್ನು ಸ್ವತಃ ನೋಡಿ ಬಂದ ಮುಂಬಯಿಯ ಉದ್ಯಮಿ ಸರ್ ವಿಠ್ಠಲದಾಸ ಠಾಕರ್ಸೀಯವರು 1920ರಲ್ಲಿ 15 ಲಕ್ಷ ರೂಪಾಯಿಗಳ ದಾನ ಘೋಷಿಸಿದರು. ಮೂರೂವರೆ ಶೇಕಡ ಬಡ್ಡಿಯಂತೆ ವರ್ಷಕ್ಕೆ 52,500 ರೂಪಾಯಿ ದೊರೆಯುವ ಏರ್ಪಾಡು ಅದು. ಅವರ ತಾಯಿಯ ಹೆಸರಿನಲ್ಲಿ ಸಂಸ್ಥೆಯು ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸೀ ವಿಶ್ವವಿದ್ಯಾಲಯವಾಯಿತು. 1936ರಲ್ಲಿ ಅದರ ಕೇಂದ್ರ ಮುಂಬಯಿಗೆ ಸ್ಥಳಾಂತರಗೊಂಡಿತು. 1951ರಲ್ಲಿ ಶಾಸನಬದ್ಧ ಮನ್ನಣೆಯೂ ದೊರೆಯಿತು. ಕೋಟ್ಯಧೀಶರ ಕಣ್ಣು ಈ ಸಂಸ್ಥೆಯ ಮೇಲೆ ಬೀಳುವ ಹೊತ್ತಿಗೆ ಅದು ನಾಲ್ಕು ವರ್ಷ ಸಣ್ಣ ದಾನಿಗಳ ಬಲದಿಂದ ನಡೆದು ತೋರಿಸಿತ್ತು. ಐದು, ಹತ್ತು ರೂಪಾಯಿಯ ನೂರಾರು ವಚನಗಳು ಇಲ್ಲದಿದ್ದರೆ 15 ಲಕ್ಷವನ್ನು ಇಡಲು ಒಂದು ಪಾತ್ರೆಯೇ ಇರುತ್ತಿರಲಿಲ್ಲ.

ಎಪ್ಪತ್ತರಲ್ಲಿ ಹದಿನೈದು

ಎಪ್ಪತ್ತು ದಾಟಿದ ಮೇಲೆ, 1929ರಲ್ಲಿ, ಕರ್ವೆಯವರು ಯುರೋಪ್, ಅಮೆರಿಕ, ಜಪಾನ್‌ಗಳ ಪ್ರವಾಸ ಕೈಗೊಂಡರು. ಬಳಿಕ ಆಫ್ರಿಕಕ್ಕೂ ಹೋಗಿ ಅಲ್ಲಿ ನೆಲೆಸಿದ್ದ ಭಾರತೀಯರಿಂದ ವಿಶ್ವವಿದ್ಯಾಲಯಕ್ಕೆ ಧನಸಂಗ್ರಹ ಮಾಡಿದರು. ಮರಳಿ ಬಂದವರು ವಿಶ್ರಮಿಸಲಿಲ್ಲ. 1936ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಶಾಲೆಯಿಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ತೆರೆಯಲು ಮಹಾರಾಷ್ಟ್ರ ಗ್ರಾಮ ಪ್ರಾಥಮಿಕ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಅವರಿಗೆ ಆಗ ಬರುತ್ತಿದ್ದ ಪಿಂಚಣಿ ತಿಂಗಳಿಗೆ 70 ರೂಪಾಯಿ. ಅದರಲ್ಲಿ 15 ರೂಪಾಯಿಯನ್ನು ಮೊದಲು ಈ ಸಂಘಕ್ಕೆ ತೆಗೆದಿಟ್ಟರು. ಆಮೇಲೆ ಕೋಲೂರಿಕೊಂಡು ಪುಣೆಯ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಕೊಟ್ಟಷ್ಟನ್ನು ಪಡೆದು ಬಂದರು.

ವಿದ್ಯಾರ್ಥಿಯಾಗಿದ್ದಾಗ ಅರವತ್ತನಾಲ್ಕರಲ್ಲಿ ಒಂದು ಪಾಲು. ವೃದ್ಧಾಪ್ಯದಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು. ಪ್ರಮಾಣ ಬೆಳೆಯಿತು, ಕ್ರಮ ಮಾತ್ರ ಬದಲಾಗಲಿಲ್ಲ. ಮೊದಲು ತಾವು ಕೊಟ್ಟು, ಅನಂತರ ಇತರರನ್ನು ಕೇಳುವುದು. ಸ್ವಲ್ಪವಾದರೂ ತಪ್ಪದೆ ಕೊಡುವುದು. ಪಡೆದುದಕ್ಕೆ ಲೆಕ್ಕ ಒಪ್ಪಿಸುವುದು. 1944ರಲ್ಲಿ ಜಾತಿಭೇದವನ್ನು ನೀಗಿಸುವ ಉದ್ದೇಶದಿಂದ ಸಮತಾ ಸಂಘವನ್ನು ಕಟ್ಟಿದಾಗಲೂ ಅವರು ನಡೆದದ್ದು ಈ ಹಾದಿಯಲ್ಲಿಯೇ.

1950ರಲ್ಲಿ ಬಾಯಾ ಅವರು ತೀರಿಕೊಂಡರು. 1955ರಲ್ಲಿ ಪದ್ಮವಿಭೂಷಣ, ಶತಾಯುಷಿಗಳಾದ 1958ರಲ್ಲಿ ಭಾರತರತ್ನ ಪ್ರಶಸ್ತಿಗಳು ಅವರನ್ನು ಅರಸಿಕೊಂಡು ಬಂದವು. 1962ರ ನವೆಂಬರ್ 9ರಂದು, 104 ವರ್ಷಗಳ ಸಾರ್ಥಕ ಜೀವನವನ್ನು ಮುಗಿಸಿ ಅವರು ಪುಣೆಯಲ್ಲಿ ದೇಹ ಬಿಟ್ಟರು. ಅಂದು ಒಂದು ಗುಡಿಸಲಿದ್ದ ಹಿಂಗಣೆ ಇಂದು ಅವರ ಹೆಸರಿನಲ್ಲಿ ಕರ್ವೆನಗರವಾಗಿದೆ. ಸಾವಿರಾರು ಹೆಣ್ಣುಮಕ್ಕಳು ಅಲ್ಲಿ ಓದುತ್ತಿದ್ದಾರೆ.

ಕರ್ವೆಯವರಂತೆ ಸಂಸ್ಥೆಗಳನ್ನು ಕಟ್ಟುವುದು ಎಲ್ಲರಿಗೂ ಸಾಧ್ಯವಾಗದು. ಆದರೆ ಅವರು ಇಪ್ಪತ್ತರ ಹರೆಯದಲ್ಲಿ, ಬಾಡಿಗೆಯ ಕೋಣೆಯಲ್ಲಿ, ಮನೆಪಾಠದ ಸಂಪಾದನೆಯಲ್ಲಿ ಮಾಡಿದ್ದು ಎಲ್ಲರಿಗೂ ಸಾಧ್ಯ. ಸಂಬಳವಾಗಲಿ ಪಿಂಚಣಿಯಾಗಲಿ ಕೈಸೇರಿದ ದಿನವೇ, ಬೇರೆ ಯಾವ ಖರ್ಚಿಗೂ ಮೊದಲು, ನೂರಕ್ಕೆ ಒಂದೂವರೆ ರೂಪಾಯಿಯಂತೆ ಬೇರೆ ಇಡುವುದು. ಅದು ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಹೋಗಲಿ, ಅನ್ನದಾನಕ್ಕೆ ಹೋಗಲಿ, ಹುಟ್ಟೂರಿನ ಶಾಲೆಗೆ ಹೋಗಲಿ. ಮನೆಯವರೆಲ್ಲ ಕುಳಿತು ಆಲೋಚಿಸಿ ನಿಶ್ಚಯಿಸಲಿ. ಮನೆಯ ಮಕ್ಕಳು ಅದನ್ನು ತಿಂಗಳು ತಿಂಗಳೂ ನೋಡುತ್ತ ಬೆಳೆದರೆ, ತಮ್ಮ ಮೊದಲ ಸಂಬಳದ ದಿನ ಅವರಿಗೆ ಯಾರೂ ಅದನ್ನು ಹೇಳಿಕೊಡಬೇಕಾಗುವುದಿಲ್ಲ.